ಮನೆ ಗಾಡಿ ಎಳೆಯಬಲ್ಲ ಬೋಟು: ಹಿನ್ನೀರಿನ ಊರಿನವರಿಗೊಂದು ಮಾರ್ಗದರ್ಶಿ

ಲಿಂಗನಮಕ್ಕಿ ಹಿನ್ನೀರು, ಲಕ್ಕವಳ್ಳಿಯ ಭದ್ರಾ, ಗಾಜನೂರಿನ ತುಂಗಾ, ಆ ಕಡೆ ಮಾಣಿ, ಚಕ್ರಾ, ಸಾವೆಹಕ್ಲು. ಇಷ್ಟೆಲ್ಲ ನೀರು ಸುತ್ತಮುತ್ತ ಇರುವಾಗ ಸ್ವಂತಕ್ಕೊಂದು ಸಣ್ಣ ಬೋಟು ಇರಲಿ ಅನ್ನಿಸುವುದು ಸಹಜ. ಮನೆ ಮುಂದೆ ಬೊಲೆರೊ, ಇನೋವಾ, ಎರ್ಟಿಗಾ ಏನೋ ಒಂದು ನಿಂತಿರುತ್ತದೆ. ಹಿಂದೆ ಟ್ರೈಲರ್ ಕಟ್ಟಿಕೊಂಡು ಹೋದರಾಯ್ತು ಅಂತ ಲೆಕ್ಕ ಹಾಕುತ್ತೇವೆ.

ಬೋಟು ನೋಡಲು ಹೋದವರು ಮೊದಲು ಕೇಳುವುದು ರೇಟು. ಆಮೇಲೆ ಉದ್ದ ಎಷ್ಟು, ಎಷ್ಟು ಜನ ಕೂರಬಹುದು, ಎಂಜಿನ್ ಎಷ್ಟು ಎಚ್‌ಪಿ ಅನ್ನುವುದು. ನಮ್ಮ ಗಾಡಿ ಇದನ್ನು ಎಳೆಯುತ್ತಾ ಅನ್ನುವ ಮಾತು ಬರುವುದು ಅಡ್ವಾನ್ಸ್ ಕೊಟ್ಟ ಮೇಲೆ. ಈ ಕ್ರಮವನ್ನು ಪೂರ್ತಿ ತಿರುಗಿಸಿ ಅಂತ ನನ್ನ ಸಲಹೆ. ಮೊದಲು ಗಾಡಿ, ಆಮೇಲೆ ದಾರಿ, ಆಮೇಲೆ ದಡ. ಬೋಟು ಕೊನೆಗೆ. ಮೊದಲಿನ ಮೂರು ಸರಿಯಾಗಿ ಗೊತ್ತಾದರೆ ಬೋಟಿನ ಆಯ್ಕೆ ಅರ್ಧ ತಾನಾಗಿಯೇ ಮುಗಿದಿರುತ್ತದೆ.

ಎಲ್ಲಕ್ಕಿಂತ ಮುಂಚೆ: ನೀರಿಗೆ ಇಳಿಸಲು ಬಿಡುತ್ತಾರಾ?

ಹಿನ್ನೀರು ಊರ ಕೆರೆಯಲ್ಲ. ಲಿಂಗನಮಕ್ಕಿ ಕರ್ನಾಟಕ ವಿದ್ಯುತ್ ನಿಗಮದ್ದು. ತುಂಗಾ, ಭದ್ರಾ ಎರಡೂ ನೀರಾವರಿ ನಿಗಮದ ಕೈಯಲ್ಲಿವೆ. ಶರಾವತಿ ಹಿನ್ನೀರಿನ ದೊಡ್ಡ ಭಾಗ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿದೆ. ಲಕ್ಕವಳ್ಳಿ ಕಡೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶ ಇದೆ. ಅಲ್ಲೆಲ್ಲ ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಬೋಟು ಇಳಿಸುವ ಹಾಗಿಲ್ಲ. ಎಂಜಿನ್ ಇರುವ ದೋಣಿಗೆ 2021ರ ಒಳನಾಡು ಹಡಗುಗಳ ಕಾಯ್ದೆ ಪ್ರಕಾರ ತಪಾಸಣೆ, ನೋಂದಣಿ ಬೇಕು. ಮೀನು ಹಿಡಿಯುವ ಯೋಚನೆ ಇದ್ದರೆ ಮೀನುಗಾರಿಕೆ ಇಲಾಖೆಯನ್ನೂ ಕೇಳಬೇಕು.

ಇದಕ್ಕೆ ಅಂತ ಒಂದು ವಾರ ಅಲೆದಾಡಿ. ಯಾವ ದಡದಲ್ಲಿ ಬಿಡುತ್ತಾರೆ, ಎಂಜಿನ್ ಇಟ್ಟುಕೊಂಡು ಬಿಡುತ್ತಾರಾ, ಹುಟ್ಟು ಹಾಕುವ ದೋಣಿಗೆ ಮಾತ್ರವಾ ಅನ್ನುವುದನ್ನು ಬರವಣಿಗೆಯಲ್ಲಿ ತಿಳಿದುಕೊಳ್ಳಿ. ಉತ್ತರ ನೋಡಿಕೊಂಡು ಬೋಟಿನ ಗಾತ್ರವೇ ಬದಲಾಗಬಹುದು. ಎಂಜಿನ್ ಬೇಡ ಅಂದರೆ ನಿಮ್ಮ ತೂಕದ ಲೆಕ್ಕದಲ್ಲಿ ನೂರು ಕಿಲೋ ಹತ್ತಿರ ಅಲ್ಲೇ ಕಡಿಮೆ ಆಯ್ತು ಅಂದುಕೊಳ್ಳಿ.

ಗಾಡಿಯ ಪುಸ್ತಕ ಹುಡುಕಿ ತೆಗೆಯಿರಿ

ಗಾಡಿ ಕೊಂಡಾಗ ಕೊಟ್ಟ ದಪ್ಪ ಪುಸ್ತಕ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಇರುತ್ತದೆ, ಅಲ್ವಾ? ಅದರಲ್ಲಿ ಟ್ರೈಲರ್ ಎಳೆಯುವ ಬಗ್ಗೆ ಏನು ಬರೆದಿದೆ ನೋಡಿ. ಮೂರು ರೀತಿ ಇರಬಹುದು. ಕೆಲವು ಗಾಡಿಗಳಿಗೆ ಬ್ರೇಕ್ ಇರುವ ಟ್ರೈಲರ್ ಇಷ್ಟು ಕಿಲೋ, ಬ್ರೇಕ್ ಇಲ್ಲದ್ದು ಇಷ್ಟು ಕಿಲೋ ಅಂತ ಸ್ಪಷ್ಟವಾಗಿ ಕೊಟ್ಟಿರುತ್ತಾರೆ. ಕೆಲವಕ್ಕೆ ಈ ಗಾಡಿ ಟ್ರೈಲರ್ ಎಳೆಯಲು ಮಾಡಿದ್ದಲ್ಲ ಅಂತಲೇ ಬರೆದಿರುತ್ತಾರೆ. ಇನ್ನು ಕೆಲವದರಲ್ಲಿ ಆ ವಿಷಯವೇ ಇರುವುದಿಲ್ಲ.

ಬೇಡ ಅಂತ ಬರೆದಿದ್ದರೆ ಮಾತು ಅಲ್ಲಿಗೆ ಮುಗಿಯಿತು. ಪರಿಚಯದ ಮೆಕ್ಯಾನಿಕ್ 'ಏನೂ ಆಗಲ್ಲ ಬಿಡಿ ಸಾರ್, ಎಳೆಯುತ್ತೆ' ಅಂದರೂ ಅಷ್ಟೇ. ಅಪಘಾತ ಆದ ದಿನ ವಿಮಾ ಕಂಪನಿಯವರು ಓದುವುದು ಪುಸ್ತಕವನ್ನು, ಮೆಕ್ಯಾನಿಕ್ ಮಾತನ್ನಲ್ಲ. ಏನೂ ಬರೆದಿಲ್ಲ ಅಂದರೆ ಕಂಪನಿಗೆ ಇಮೇಲ್ ಹಾಕಿ, ಉತ್ತರ ಕೈಗೆ ಬರುವವರೆಗೆ ಕಾಯಿರಿ. ಶೋರೂಮಿನ ಹುಡುಗ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿ ಇದ್ದವರು ಇದನ್ನು ಇನ್ನೂ ಜೋಪಾನವಾಗಿ ಕೇಳಬೇಕು.

ಇನ್ನೊಂದು ತಪ್ಪು ತಿಳುವಳಿಕೆ ಇದೆ. ಹೆಚ್ಚಿನ ಕಾರುಗಳಿಗೆ ಮುಂದೆಯೋ ಹಿಂದೆಯೋ ಒಂದು ಕೊಂಡಿ ಹಾಕುವ ಜಾಗ ಇರುತ್ತದೆ. ಅದು ಗಾಡಿ ಕೆಟ್ಟು ನಿಂತಾಗ ಎಳೆಸಿಕೊಳ್ಳಲು. ಟ್ರೈಲರ್ ಕಟ್ಟಲು ಅಲ್ಲ. ಹಾಗೆಯೇ ಎಸ್‌ಯುವಿಗಳ ಹಿಂದೆ ಟ್ರೈಲರ್ ಸಿಕ್ಕಿಸುವ ಹೊಳೆಯುವ ಉಕ್ಕಿನ ಗುಂಡು ಹಾಕಿಸಿಕೊಂಡವರು ಊರ ತುಂಬ ಇದ್ದಾರೆ. ಅವುಗಳಲ್ಲಿ ಕೆಲವು ಬರೀ ಶೋಕಿಗೆ ಹಾಕಿದ್ದು. ಗಾಡಿ ಕೆಳಗೆ ಬಗ್ಗಿ ನೋಡಿ. ಗುಂಡು ಕೂತಿರುವ ಕಬ್ಬಿಣದ ಬಾರ್ ಚಾಸಿಗೆ ಬೋಲ್ಟ್ ಆಗಿದೆಯಾ, ಅದರ ಮೇಲೆ ಎಷ್ಟು ಕಿಲೋ ಎಳೆಯಬಹುದು ಅಂತ ಅಚ್ಚು ಇದೆಯಾ? ಬಂಪರ್ ಪಟ್ಟಿಗೆ ಸಿಕ್ಕಿಸಿದ ಗುಂಡಿಗೆ ಬೋಟು ಕಟ್ಟಿದರೆ ಒಂದು ದಿನ ಬಂಪರ್ ಸಮೇತ ಬೋಟು ಹಿಂದೆ ಉಳಿಯುತ್ತದೆ.

ತೂಕದ ಲೆಕ್ಕ, ಕಿಲೋ ಕಿಲೋ

ಬೋಟಿನ ಚೀಟಿಯಲ್ಲಿ ಬರೆದ ತೂಕ ಬರೀ ಖಾಲಿ ಒಡಲಿನದು. ರಸ್ತೆಗೆ ಇಳಿಯುವುದು ಬೇರೆಯೇ ತೂಕ. 14 ಅಡಿಯ ಅಲ್ಯೂಮಿನಿಯಂ ಬೋಟು ತಗೊಳ್ಳೋಣ. ಒಡಲು ಸುಮಾರು 110 ಕಿಲೋ. 15 ಎಚ್‌ಪಿಯ ಫೋರ್ ಸ್ಟ್ರೋಕ್ ಎಂಜಿನ್ 50. ಪೆಟ್ರೋಲ್ ಲೀಟರಿಗೆ ಮುಕ್ಕಾಲು ಕಿಲೋ ತೂಗುತ್ತದೆ. 25 ಲೀಟರ್ ಮತ್ತು ಡಬ್ಬಿ ಸೇರಿ 22. ಬ್ಯಾಟರಿ 15. ಲಂಗರು, ಹಗ್ಗ, ಹುಟ್ಟು, ಲೈಫ್ ಜಾಕೆಟ್, ಟೂಲ್ ಬಾಕ್ಸ್, ಊಟದ ಡಬ್ಬಿ, ನೀರು ಎಲ್ಲ ಸೇರಿ 40. ಟ್ರೈಲರ್ 150. ಒಟ್ಟು 387 ಕಿಲೋ. 110 ಅಂತ ಹೇಳಿ ಮಾರಿದ ಬೋಟು ಮೂರೂವರೆ ಪಟ್ಟು ಆಯಿತು.

12 ಅಡಿಯದಕ್ಕೆ ಇಳಿಯಿರಿ. ಒಡಲು 65, 5 ಎಚ್‌ಪಿ ಎಂಜಿನ್ 26, ಪೆಟ್ರೋಲ್ ಡಬ್ಬಿ 11, ಸಾಮಾನು 25, ಸಣ್ಣ ಟ್ರೈಲರ್ 110. ಒಟ್ಟು 237.

ಈಗ 16 ಅಡಿಯ ಫೈಬರ್ ಬೋಟು. ಒಡಲು 350, 40 ಎಚ್‌ಪಿ ಎಂಜಿನ್ 100, ಪೆಟ್ರೋಲ್ 35, ಬ್ಯಾಟರಿ 25, ಸಾಮಾನು 60, ಟ್ರೈಲರ್ 250. ಒಟ್ಟು 820. ಕಣ್ಣಿಗೆ ನಾಲ್ಕು ಅಡಿ ಮಾತ್ರ ಉದ್ದ ಜಾಸ್ತಿ. ತೂಕ ಮೂರು ಪಟ್ಟಿಗಿಂತ ಹೆಚ್ಚು. ಬೋಟು ಉದ್ದವಾದಂತೆ ಅಗಲ, ಎತ್ತರ, ಎಂಜಿನ್, ಟ್ರೈಲರ್ ಎಲ್ಲವೂ ಜೊತೆಗೆ ಬೆಳೆಯುತ್ತವೆ. 'ಇನ್ನೆರಡು ಅಡಿ ಇರಲಿ ಬಿಡಿ' ಅನ್ನುವ ಮಾತು ದುಬಾರಿ ಆಗುವುದು ಇಲ್ಲಿಯೇ. ನಾನು ಕೊಟ್ಟದ್ದು ಅಂದಾಜು. ನೀವು ನೋಡಿದ ಬೋಟಿಗೆ, ಎಂಜಿನ್ನಿಗೆ ಅದರದ್ದೇ ಅಂಕಿ ಹಾಕಿ ಕೂಡಿಸಿ.

ಗಾಡಿ ಎಷ್ಟು ಎಳೆಯಬಹುದು ಅಂತ ಪುಸ್ತಕ ಹೇಳುತ್ತದೋ ಅದರ ಎಂಟಾಣೆ-ಹತ್ತಾಣೆಯಲ್ಲಿ ನಿಲ್ಲಿಸಿಕೊಳ್ಳಿ. ಆ ಅಂಕಿ ಒಳ್ಳೆಯ ರಸ್ತೆ ನೋಡಿ ಕೊಟ್ಟದ್ದು, ನಮ್ಮ ಘಟ್ಟಕ್ಕಲ್ಲ. ಬ್ರೇಕ್ ಇಲ್ಲದ ಟ್ರೈಲರ್ ಬಗ್ಗೆ ಬ್ರಿಟನ್ನಿನ ನಿಯಮ ಹೀಗಿದೆ: 750 ಕಿಲೋ ಅಥವಾ ಗಾಡಿಯ ಸ್ವಂತ ತೂಕದ ಅರ್ಧ, ಯಾವುದು ಕಡಿಮೆಯೋ ಅದಕ್ಕಿಂತ ಹೆಚ್ಚಬಾರದು. ನಮ್ಮ ಏರಿಳಿತಕ್ಕೆ ಅರ್ಧವೂ ಜಾಸ್ತಿಯೇ. ಮೂರನೇ ಒಂದು ಭಾಗ ಸಾಕು ಅಂತ ನನ್ನ ಅಭಿಪ್ರಾಯ. 1,200 ಕಿಲೋ ಗಾಡಿಗೆ 400 ಕಿಲೋ. ಪುಸ್ತಕದ ಅಂಕಿ ಅದಕ್ಕಿಂತ ಕಡಿಮೆ ಇದ್ದರೆ ಪುಸ್ತಕದ್ದೇ ಅಂತಿಮ.

ಲೆಕ್ಕ ಇನ್ನೂ ಮುಗಿದಿಲ್ಲ. ಗಾಡಿಯೊಳಗೆ ಕೂತವರ ತೂಕವೂ ಇದೆ. ಉದಾಹರಣೆಗೆ ಗಾಡಿಯ ಒಟ್ಟು ತೂಕದ ಮಿತಿ 1,800 ಕಿಲೋ, ಖಾಲಿ ತೂಕ 1,200 ಅಂದುಕೊಳ್ಳಿ. ಉಳಿದದ್ದು 600. ಏಳು ಜನ ಸರಾಸರಿ 65 ಕಿಲೋದಂತೆ 455. ಬ್ಯಾಗು, ಬುತ್ತಿ 80. ಉಳಿದದ್ದು 65. ಅದರಲ್ಲಿ ಹಿಂದಿನ ಬಾರ್ 20, ಟ್ರೈಲರಿನ ಮೂತಿ ಗಾಡಿಯ ಮೇಲೆ ಹೇರುವ ಭಾರ 35. ಉಳಿದದ್ದು ಬರೀ 10 ಕಿಲೋ! ಬರುವಾಗ ಅತ್ತೆ ಮನೆಯಲ್ಲಿ ಎರಡು ಹಲಸಿನ ಹಣ್ಣು ಕೊಟ್ಟರೆ ಮಿತಿ ದಾಟಿತು. ಏಳು ಜನರ ಸಂಸಾರಕ್ಕೆ ಏಳು ಸೀಟಿನ ಗಾಡಿ ಸಾಕು, ಆದರೆ ಏಳು ಜನ ಮತ್ತು ಬೋಟಿಗೆ ಸಾಲದೆ ಇರಬಹುದು. ಒಬ್ಬಿಬ್ಬರು ಬಸ್ಸಿನಲ್ಲಿ ಬರಲಿ.

ಮೂತಿ ಭಾರ

ಟ್ರೈಲರಿನ ಮೂತಿ ಗಾಡಿಯ ಗುಂಡಿನ ಮೇಲೆ ಎಷ್ಟು ಒತ್ತುತ್ತದೆ ಅನ್ನುವುದು ಒಟ್ಟು ತೂಕದಷ್ಟೇ ಮುಖ್ಯ. ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೇರು ಹಿಂದಾದರೆ ನೊಗ ಮೇಲೇಳುತ್ತದೆ, ಮುಂದಾದರೆ ಎತ್ತಿನ ಹೆಗಲು ಬಾಯುತ್ತದೆ. ಇಲ್ಲಿಯೂ ಅದೇ. ಬೋಟಿನ ಟ್ರೈಲರಿಗೆ ಒಟ್ಟು ತೂಕದ ನೂರಕ್ಕೆ 5ರಿಂದ 10ರಷ್ಟು ಮೂತಿಯ ಮೇಲೆ ಇರಬೇಕು. 387 ಕಿಲೋಗೆ ಸುಮಾರು 20ರಿಂದ 39 ಕಿಲೋ. ನಿಮ್ಮ ಗಾಡಿಯ ಪುಸ್ತಕದಲ್ಲಿ ಅಥವಾ ಬಾರ್ ಮೇಲೆ ಇದಕ್ಕೂ ಒಂದು ಮಿತಿ ಕೊಟ್ಟಿದ್ದರೆ ಅದನ್ನು ಮೀರಬಾರದು.

ಬೋಟಿನಲ್ಲಿ ಎಂಜಿನ್ ಇರುವುದು ಹಿಂದೆ. ಪೆಟ್ರೋಲ್ ಡಬ್ಬಿ, ಬ್ಯಾಟರಿ ಇಡುವುದೂ ಬಹಳಷ್ಟು ಸಲ ಹಿಂದೆಯೇ. ಹಾಗಾಗಿ ಮೂತಿ ಹಗುರಾಗುವ ಅಪಾಯವೇ ಜಾಸ್ತಿ. ಮೂತಿ ಹಗುರಾದ ಟ್ರೈಲರ್ ವೇಗ ಹೆಚ್ಚಿದಂತೆ ಹಾವಿನ ಬಾಲದಂತೆ ಅತ್ತಿತ್ತ ಬೀಸಲು ಶುರು ಮಾಡುತ್ತದೆ. ಒಮ್ಮೆ ಶುರುವಾದರೆ ಗಾಡಿಯನ್ನೇ ರಸ್ತೆಯಿಂದ ಆಚೆ ಎಳೆಯಬಲ್ಲದು.

ಅಳೆಯುವುದು ಸುಲಭ. ಮನೆಯಲ್ಲಿ ಮೈತೂಕ ನೋಡುವ ಸ್ಕೇಲ್ ಇದೆಯಲ್ಲ, ಅದೇ ಸಾಕು. ಟ್ರೈಲರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡ್ಡೆ ಕೊಡಿ. ಸ್ಕೇಲಿನ ಮೇಲೆ ಗಾಡಿಯ ಗುಂಡಿನ ಎತ್ತರಕ್ಕೆ ಬರುವ ಹಾಗೆ ಮರದ ತುಂಡು ನಿಲ್ಲಿಸಿ, ಅದರ ಮೇಲೆ ಮೂತಿ ಇಡಿ. ಮರದ ತೂಕ ಕಳೆಯಿರಿ. ಬೋಟು ಖಾಲಿ ಇದ್ದಾಗ ಅಳೆದು ಪ್ರಯೋಜನ ಇಲ್ಲ. ಪ್ರವಾಸಕ್ಕೆ ಹೊರಡುವ ಸ್ಥಿತಿಯಲ್ಲಿ, ಪೆಟ್ರೋಲ್ ಸಮೇತ ಅಳೆಯಬೇಕು. ಕಡಿಮೆ ಬಂದರೆ ಬ್ಯಾಟರಿ, ಡಬ್ಬಿಗಳನ್ನು ಮುಂದಕ್ಕೆ ತನ್ನಿ. ಆಗಲೂ ಸಾಲದಿದ್ದರೆ ಟ್ರೈಲರಿನ ಮುಂದಿನ ಕಂಬವನ್ನು ಸರಿಸಿ ಇಡೀ ಬೋಟನ್ನು ಸ್ವಲ್ಪ ಮುಂದಕ್ಕೆ ಕೂರಿಸಬೇಕು.

ಎಳೆಯುವುದಲ್ಲ, ನಿಲ್ಲಿಸುವುದು

'ನಮ್ಮ ಬೊಲೆರೊ ಅಡಿಕೆ ಮೂಟೆ ಎಷ್ಟು ಎಳೆಯುತ್ತೆ ಗೊತ್ತಾ' ಅನ್ನುವವರು ಇದ್ದಾರೆ. ಎಳೆಯಲಿ. ಏರು ಹತ್ತಲು ಆಗದ ಗಾಡಿ ಅಲ್ಲೇ ನಿಲ್ಲುತ್ತದೆ, ಮಾನ ಹೋಗಬಹುದು ಅಷ್ಟೇ. ಇಳಿಜಾರಿನಲ್ಲಿ ನಿಲ್ಲಲು ಆಗದ್ದು ಬೇರೆ ಕಥೆ.

ಸಾಗರದಿಂದ ತಾಳಗುಪ್ಪ, ಮಾವಿನಗುಂಡಿ ದಾಟಿ ಹೊನ್ನಾವರಕ್ಕೆ ಇಳಿಯುವ ದಾರಿ, ನಗರದಿಂದ ಹುಲಿಕಲ್ ಘಾಟಿ, ಆಗುಂಬೆಯ 14 ತಿರುವು. ಇಲ್ಲೆಲ್ಲ ಬ್ರೇಕ್ ಇಲ್ಲದ ಟ್ರೈಲರಿನ ಪೂರ್ತಿ ಭಾರವನ್ನು ಗಾಡಿಯ ಬ್ರೇಕೇ ಹೊರಬೇಕು. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಿರಿ ಅನ್ನುವ ಹಳೇ ಮಾತು ಟ್ರೈಲರ್ ಇದ್ದಾಗ ಒಂದು ಗೇರ್ ಇನ್ನೂ ಕೆಳಗೆ. ಆಗುಂಬೆಯಂಥ ತಿರುವಿನಲ್ಲಿ ಇನ್ನೊಂದು ತೊಂದರೆ ಇದೆ. ಟ್ರೈಲರಿನ ಚಕ್ರ ಗಾಡಿಯ ಚಕ್ರ ಹೋದ ಜಾಡಿನಲ್ಲಿ ಬರುವುದಿಲ್ಲ. ಒಳಗಡೆಗೆ ಕತ್ತರಿಸಿಕೊಂಡು ಬರುತ್ತದೆ. ಅಗಲವಾಗಿ ತಿರುಗಿಸಬೇಕು, ಎದುರು ಬಸ್ಸು ಬಂದರೆ ಅದಕ್ಕೆ ಜಾಗ ಇರುವುದಿಲ್ಲ. ಆದ್ದರಿಂದ ಟ್ರೈಲರ್ ಕಟ್ಟಿಕೊಂಡು ಆಗುಂಬೆ ಬೇಡ. ನೀರು ಇರುವುದು ಘಟ್ಟದ ಮೇಲೆಯೇ ಅಲ್ವಾ, ಇಳಿಯುವ ಅಗತ್ಯವಾದರೂ ಏನು? ಕರಾವಳಿಯಲ್ಲಿ ಬೋಟು ಕೊಂಡರೆ ಮೊದಲ ಸಲ ಮೇಲೆ ತರುವುದಕ್ಕೆ ಲಾರಿ ಹಿಡಿಯಿರಿ.

ಒಟ್ಟು ತೂಕ 400 ಕಿಲೋ ದಾಟುತ್ತದೆ ಅಂದರೆ ಬ್ರೇಕ್ ಇರುವ ಟ್ರೈಲರನ್ನೇ ಕೇಳಿ. ಗಾಡಿ ನಿಧಾನ ಮಾಡಿದಾಗ ಟ್ರೈಲರ್ ಮುಂದಕ್ಕೆ ಒತ್ತುತ್ತದೆ, ಆ ಒತ್ತಡದಿಂದಲೇ ಅದರ ಬ್ರೇಕ್ ಹಿಡಿಯುವ ಸರಳ ಏರ್ಪಾಡು ಇದೆ. ಗಾಡಿಯ ಬ್ರೇಕಿಗೆ ಪೈಪು ಜೋಡಿಸುವ ರಗಳೆ ಇಲ್ಲ.

ವೇಗ ಗಂಟೆಗೆ 60 ಕಿಲೋಮೀಟರ್ ದಾಟಬೇಡಿ. 60ರಿಂದ 80ಕ್ಕೆ ಹೋದರೆ ನಿಲ್ಲಿಸಲು ಬೇಕಾದ ಶಕ್ತಿ ಹೆಚ್ಚೂಕಡಿಮೆ 1.8 ಪಟ್ಟು ಆಗುತ್ತದೆ. ಟ್ರೈಲರ್ ಬೀಸಲು ಶುರುವಾದರೆ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಸ್ಟೇರಿಂಗ್ ನೇರ ಹಿಡಿಯಿರಿ. ಬ್ರೇಕ್ ಜೋರಾಗಿ ಒತ್ತಬೇಡಿ, ಬೀಸಿದ ಕಡೆಗೆ ಸ್ಟೇರಿಂಗ್ ತಿರುಗಿಸಲು ಹೋಗಬೇಡಿ. 2025ರ ಜುಲೈನಲ್ಲಿ ತೆರೆದ ಸಿಗಂದೂರು ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ಎರಡೂ ಕಡೆ ಬಯಲು ನೀರು. ಅಡ್ಡಗಾಳಿ ಇದ್ದ ದಿನ ಅಂಥ ಕಡೆ ವೇಗ ಇನ್ನೂ ಇಳಿಸಿ. ಖಾಲಿ ಬೋಟು ಗಾಳಿಗೆ ಒಳ್ಳೆ ಗುರಿ.

ಬೋಟಿನೊಳಗೆ ಮಕ್ಕಳನ್ನು ಕೂರಿಸಿಕೊಂಡು ಎಳೆಯಬೇಡಿ. ಟ್ರಾಕ್ಟರ್ ಟ್ರೈಲರಿನಲ್ಲಿ ಮದುವೆ ದಿಬ್ಬಣ ಹೋದ ಅಭ್ಯಾಸ ನಮ್ಮದು, ಅದಕ್ಕೇ ಬಿಡಿಸಿ ಹೇಳಿದೆ. ಹೆಂಗೂ ಖಾಲಿ ಇದೆಯಲ್ಲ ಅಂತ ಬೋಟಿಗೆ ಎರಡು ಮೂಟೆ ಗೊಬ್ಬರ ಹೇರುವುದೂ ಬೇಡ.

ದಡ ನೋಡಿ ಬನ್ನಿ

ನಮ್ಮ ಹಿನ್ನೀರಿನ ಹೆಚ್ಚಿನ ಕಡೆ ಸಿಮೆಂಟಿನ ಇಳಿಜಾರು ಇಲ್ಲ. ಇರುವುದು ಕೆಮ್ಮಣ್ಣು, ಜೇಡಿ, ಕಲ್ಲು. ಮೇಲಾಗಿ ದಡ ಒಂದೇ ಕಡೆ ನಿಲ್ಲುವುದಿಲ್ಲ. ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ. ಮಳೆಗಾಲ ಮುಗಿಯುವ ಹೊತ್ತಿಗೆ ರಸ್ತೆ ಪಕ್ಕದಲ್ಲೇ ಇದ್ದ ನೀರು ಮೇ ತಿಂಗಳಿಗೆ ಎಷ್ಟೋ ದೂರ ಸರಿದಿರುತ್ತದೆ. ನೀರು ತೀರಾ ಇಳಿದ ವರ್ಷ ಸಿಗಂದೂರಿನ ಲಾಂಚಿಗೇ ವಾಹನ ಹತ್ತಿಸುವುದು ಕಷ್ಟವಾಗುತ್ತಿತ್ತು. ಡಿಸೆಂಬರಿನಲ್ಲಿ ಒಮ್ಮೆ, ಏಪ್ರಿಲ್ಲಿನಲ್ಲಿ ಒಮ್ಮೆ ನಿಮ್ಮ ದಡ ನೋಡಿ ಬನ್ನಿ. ತುಮರಿ ಕಡೆಯವರನ್ನು ಮಾತಾಡಿಸಿ. ಯಾವ ತಿಂಗಳಲ್ಲಿ ಎಲ್ಲಿ ಮುಳುಗಿದ ಮರದ ಬೊಡ್ಡೆ ಮೇಲೇಳುತ್ತದೆ, ಮಧ್ಯಾಹ್ನದ ಗಾಳಿ ಯಾವ ಕಡೆಯಿಂದ ಬರುತ್ತದೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿಲ್ಲ.

ಇಳಿಸುವುದು ಸುಲಭ, ಎಳೆದು ಮೇಲೆ ತರುವುದು ಪರೀಕ್ಷೆ. ಆರು ಅಡಿ ಮುಂದೆ ಹೋದರೆ ಒಂದು ಅಡಿ ಏರುವ ದಡದಲ್ಲಿ 387 ಕಿಲೋ ಟ್ರೈಲರ್ ಸುಮಾರು 65 ಕಿಲೋ ಬಲದಿಂದ ಹಿಂದಕ್ಕೆ ಜಗ್ಗುತ್ತದೆ. ಗಾಡಿ ತನ್ನನ್ನೂ ಎಳೆದುಕೊಳ್ಳಬೇಕಲ್ಲ, ಅದು ಬೇರೆ. ಎಂಜಿನ್ನಿಗೆ ಇದು ದೊಡ್ಡದಲ್ಲ, ಟೈರಿಗೆ ದೊಡ್ಡದು. ಒದ್ದೆ ಜೇಡಿಯಲ್ಲಿ ಟೈರಿಗೆ ಹಿಡಿತ ಎಲ್ಲಿಂದ ಬರಬೇಕು? ಎರ್ಟಿಗಾ, ಇನೋವಾ ಹೈಕ್ರಾಸ್‌ಗಳಂಥ ಗಾಡಿಗಳಲ್ಲಿ ಮುಂದಿನ ಚಕ್ರಕ್ಕೆ ಮಾತ್ರ ಎಳೆತ. ಏರಿನಲ್ಲಿ ಭಾರ ಹಿಂದಕ್ಕೆ ಹೋಗುತ್ತದೆ, ಮೂತಿ ಭಾರ ಸೇರಿ ಮುಂಭಾಗ ಇನ್ನೂ ಹಗುರ. ಚಕ್ರ ಸುಮ್ನೆ ತಿರುಗುತ್ತದೆ. ಬೊಲೆರೊ, ಇನೋವಾ ಕ್ರಿಸ್ಟಾಗಳಲ್ಲಿ ಹಿಂದಿನ ಚಕ್ರಕ್ಕೆ ಎಳೆತ, ಈ ಕೆಲಸಕ್ಕೆ ಅದು ವಾಸಿ. ಫೋರ್ ವೀಲ್ ಇದ್ದರೆ ಮಾತೇ ಇಲ್ಲ.

ಮುಂದಿನ ಚಕ್ರದ ಗಾಡಿಯವರಿಗೆ ಒಂದು ಉಪಾಯ. ಹದಿನೈದು ಮೀಟರ್ ಗಟ್ಟಿ ಹಗ್ಗ ಇಟ್ಟುಕೊಳ್ಳಿ. ಗಾಡಿಯನ್ನು ಮೇಲಿನ ಒಣ ನೆಲದಲ್ಲೇ ನಿಲ್ಲಿಸಿ ಹಗ್ಗದಿಂದ ಟ್ರೈಲರ್ ಎಳೆಯಿರಿ. ಜಗ್ಗಿದರೆ ರಬ್ಬರಿನಂತೆ ಹಿಗ್ಗುವ ನೈಲಾನ್ ಬೇಡ, ತುಂಡಾದರೆ ಚಾಟಿಯಂತೆ ಹೊಡೆಯುತ್ತದೆ. ಹಗ್ಗದ ಅಕ್ಕಪಕ್ಕ ಯಾರೂ ನಿಲ್ಲಬಾರದು. ಈ ಉಪಾಯ ನಡೆಯುವುದು 250 ಕಿಲೋ ಆಸುಪಾಸಿನ ಬೋಟಿಗೆ. ಅಂದರೆ ದಡವೇ ನಿಮ್ಮ ಬೋಟಿನ ಗಾತ್ರ ನಿರ್ಧರಿಸಿತು.

ಈಗ ಬೋಟು

ಶರಾವತಿ ಹಿನ್ನೀರಿನಡಿ ಕಾಡು ಮುಳುಗಿದೆ. ಮರದ ಬೊಡ್ಡೆಗಳು ಇನ್ನೂ ನಿಂತಿವೆ, ಒಂದಿಷ್ಟು ನೀರಿನ ಮಟ್ಟದ ಕೆಳಗೇ. ಅಲ್ಯೂಮಿನಿಯಂ ಬೊಡ್ಡೆಗೆ ಬಡಿದರೆ ನೆಗ್ಗುತ್ತದೆ, ಫೈಬರ್ ಬಿರುಕು ಬಿಡುತ್ತದೆ, ಗಾಳಿ ತುಂಬುವ ರಬ್ಬರ್ ಬೋಟು ಹರಿಯುತ್ತದೆ. ತೂಕ ಕಡಿಮೆ, ಪೆಟ್ಟು ತಾಳುತ್ತದೆ ಅನ್ನುವ ಕಾರಣಕ್ಕೆ ನನ್ನ ಓಟು ಅಲ್ಯೂಮಿನಿಯಮ್ಮಿಗೆ. ಫೈಬರ್ ಬೋಟಿಗೂ ಒಂದು ಅನುಕೂಲ ಇದೆ. ಕರಾವಳಿಯಲ್ಲಿ ಮಾಡುವವರು, ರಿಪೇರಿ ಮಾಡುವವರು ಸುಲಭವಾಗಿ ಸಿಗುತ್ತಾರೆ. ಆದರೆ ಕಡಲಿಗೆ ಮಾಡಿದ ಬೋಟು ಕಡಲಿಗೆ ಬೇಕಾದಷ್ಟು ದಪ್ಪ, ಭಾರ.

ತಳ ಚಪ್ಪಟೆ ಇದ್ದರೆ ಕಡಿಮೆ ನೀರಿನಲ್ಲೂ ತೇಲುತ್ತದೆ, ಅತ್ತಿತ್ತ ಓಲಾಡುವುದು ಕಮ್ಮಿ. ಆದರೆ ಅಲೆ ಎದ್ದಾಗ ಪಟಪಟ ಬಡಿಯುತ್ತದೆ. ಮೂತಿ ಸ್ವಲ್ಪ ಚೂಪಾಗಿ, ಹಿಂದೆ ಚಪ್ಪಟೆ ಇರುವ ನಡುವಿನ ಆಕಾರ ನಮಗೆ ಹೊಂದುತ್ತದೆ. ಹೊನ್ನೆಮರಡು ಕಡೆಯಂಥ ಅಗಲ ನೀರಿನಲ್ಲಿ ಗಾಳಿ ಎದ್ದರೆ ಹಿನ್ನೀರಲ್ಲವೇ ಅಂತ ಉಡಾಫೆ ಮಾಡುವ ಹಾಗಿಲ್ಲ.

ಎಷ್ಟು ಜನ ಹಿಡಿಸುತ್ತದೆ? ಅಡಿಯಲ್ಲಿ ಉದ್ದವನ್ನು ಅಗಲದಿಂದ ಗುಣಿಸಿ 15ರಿಂದ ಭಾಗಿಸಿ. ಅಮೆರಿಕದ ಕೋಸ್ಟ್ ಗಾರ್ಡ್ 20 ಅಡಿಗಿಂತ ಚಿಕ್ಕ ದೋಣಿಗಳಿಗೆ ಹೇಳುವ ಸೂತ್ರ ಇದು. 14 ಅಡಿ ಉದ್ದ, 5 ಅಡಿ ಅಗಲಕ್ಕೆ ನಾಲ್ಕೂವರೆ ಚಿಲ್ಲರೆ, ಅಂದರೆ ನಾಲ್ಕು ಜನ. 12ಕ್ಕೆ 4.5 ಇದ್ದರೆ ಮೂರು ಜನ. ಗಾಡಿಯಲ್ಲಿ ಏಳು ಜನ ಹೋಗಿದ್ದರೂ ನೀರಿಗೆ ಇಳಿಯುವುದು ಸರದಿಯಲ್ಲಿ. ಅದಕ್ಕಾಗಿ ದೊಡ್ಡ ಬೋಟು ತಗೊಂಡು ವರ್ಷಪೂರ್ತಿ ಎಳೆಯುವ ಕಷ್ಟ ಯಾಕೆ? ಬೋಟು ನೀರು ತುಂಬಿದರೂ ಮುಳುಗದಂತೆ ಒಳಗೆ ಥರ್ಮೋಕೋಲಿನಂಥ ಫೋಮ್ ತುಂಬಿರಬೇಕು. ಮಾರುವವರಿಗೆ ತೋರಿಸಲು ಹೇಳಿ. ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್, ಮಕ್ಕಳಿಗೆ ಮಕ್ಕಳ ಅಳತೆಯದೇ.

ಎಂಜಿನ್ ಒಬ್ಬರೇ ಎತ್ತಿ ಇಳಿಸುವಂತಿರಲಿ. 5 ಎಚ್‌ಪಿಯದು 26 ಕಿಲೋ ಆಸುಪಾಸು, ಒಂದು ಸಣ್ಣ ಅಕ್ಕಿ ಮೂಟೆ. 15 ಎಚ್‌ಪಿಗೆ ಇಬ್ಬರು ಬೇಕು. ಚಾಲಕ ನೀರಿಗೆ ಬಿದ್ದರೆ ಎಂಜಿನ್ ತಾನಾಗಿ ನಿಲ್ಲುವ ಹಗ್ಗದ ಸ್ವಿಚ್ ಇರಲೇಬೇಕು.

ಟ್ರೈಲರ್, ಕಾಗದಪತ್ರ

ಮೋಟಾರು ವಾಹನ ಕಾಯ್ದೆ ಪ್ರಕಾರ ಟ್ರೈಲರೂ ಒಂದು ವಾಹನ. ಅದಕ್ಕೂ ನೋಂದಣಿ, ನಂಬರ್, ವಿಮೆ ಬೇಕು. ವೆಲ್ಡಿಂಗ್ ಶಾಪಿನಲ್ಲಿ ಅಗ್ಗಕ್ಕೆ ಮಾಡಿಸಿ ಆಮೇಲೆ ಆರ್‌ಟಿಓ ಕಚೇರಿಗೆ ಹೋಗಬೇಡಿ. ಮೊದಲು ಶಿವಮೊಗ್ಗ ಅಥವಾ ಸಾಗರದ ಕಚೇರಿಯಲ್ಲಿ ಏನೇನು ಕಾಗದ ಬೇಕು ಅಂತ ಕೇಳಿ, ಆಮೇಲೆ ಆರ್ಡರ್ ಕೊಡಿ. ಗಾಡಿಯ ವಿಮಾ ಕಂಪನಿಗೂ ಬರೆದು ತಿಳಿಸಿ.

ಟ್ರೈಲರಿನಲ್ಲಿ ನಾನು ಮೊದಲು ನೋಡುವುದು ಚಕ್ರ. ಎಂಟು, ಹತ್ತು ಇಂಚಿನ ಪುಟ್ಟ ಚಕ್ರ ನಮ್ಮ ಹೊಂಡಗಳಿಗೆ ಬೀಳುತ್ತದೆ, ವೇಗವಾಗಿ ತಿರುಗಿ ಬೇಗ ಬಿಸಿಯಾಗುತ್ತದೆ. 12 ಅಥವಾ 13 ಇಂಚು ಇರಲಿ. ನಿಮ್ಮೂರಿನ ಪಂಚರ್ ಅಂಗಡಿಯಲ್ಲಿ ಸಿಗುವ ಟೈರ್ ಅಳತೆ ಇರಲಿ, ಸ್ಟೆಪ್ನಿ ಇರಲಿ. ಬಣ್ಣ ಹೊಡೆದದ್ದಕ್ಕಿಂತ ಗ್ಯಾಲ್ವನೈಜ್ ಮಾಡಿದ ಕಬ್ಬಿಣ ನಮ್ಮ ಮಳೆಗೆ ಬಾಳುತ್ತದೆ. ಗುಂಡಿನ ಅಳತೆ, ಮೂತಿಯ ಬಟ್ಟಲಿನ ಅಳತೆ ಒಂದೇ ಇರಬೇಕು. 50 ಮಿಲಿಮೀಟರಿನ ಗುಂಡೂ ಇದೆ, 47.6ರದ್ದೂ ಇದೆ. ಕಣ್ಣಿಗೆ ಒಂದೇ ಥರ ಕಾಣುತ್ತವೆ. ಚಿಕ್ಕ ಗುಂಡಿನ ಮೇಲೆ ದೊಡ್ಡ ಬಟ್ಟಲು ಕೂರಿಸಿದರೆ ಹೊಂಡದಲ್ಲಿ ಎಗರಿ ಕಳಚಿಕೊಳ್ಳುತ್ತದೆ. ಕಳಚಿದರೂ ಮೂತಿ ನೆಲಕ್ಕೆ ಬೀಳದಂತೆ ಎರಡು ಸರಪಳಿಯನ್ನು ಮೂತಿಯ ಕೆಳಗೆ ಅಡ್ಡಡ್ಡ ಹಾಯಿಸಿ ಕಟ್ಟಬೇಕು. ಬೋಟು ಕಟ್ಟಲು ಮುಂದಿನ ಬೆಲ್ಟ್ ಒಂದೇ ಸಾಲದು, ಹಿಂದೆಯೂ ಎರಡು ಕಡೆ ಬಿಗಿಯಿರಿ. ಬ್ರೇಕ್ ಲೈಟ್, ಇಂಡಿಕೇಟರ್ ಕೆಲಸ ಮಾಡಬೇಕು. ದಡಕ್ಕೆ ಬಂದ ಕೂಡಲೇ ಟ್ರೈಲರನ್ನು ನೀರಿಗೆ ಅದ್ದಬೇಡಿ. ಬಿಸಿ ಬೇರಿಂಗ್ ತಣ್ಣೀರಿಗೆ ಇಳಿದರೆ ನೀರನ್ನು ಒಳಗೆ ಹೀರಿಕೊಳ್ಳುತ್ತದೆ. ಚಹಾ ಕುಡಿಯುವಷ್ಟು ಹೊತ್ತು ಬಿಡಿ, ಲೈಟಿನ ವೈರ್ ಬಿಚ್ಚಿ, ಬೋಟಿನ ಬೂಚು ಹಾಕಿದೆಯಾ ನೋಡಿ, ಆಮೇಲೆ ಇಳಿಸಿ.

ರಿವರ್ಸ್ ಕಲಿಯಲು ಖಾಲಿ ಮೈದಾನಕ್ಕೆ ಹೋಗಿ. ಟ್ರೈಲರ್ ಬಲಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಎಡಕ್ಕೆ. ಟ್ರಾಕ್ಟರ್ ಓಡಿಸುವವರು ಮನೆಯಲ್ಲಿದ್ದರೆ ಅವರ ಕೈಗೇ ಕೊಡಿ, ಹತ್ತು ನಿಮಿಷದಲ್ಲಿ ಕಲಿಸುತ್ತಾರೆ.

ಎಳೆಯದೇ ಇರುವ ದಾರಿ

ಗಾಡಿಯ ಪುಸ್ತಕ ಬೇಡ ಅಂದಿದ್ದರೆ ಆಸೆ ಬಿಡಬೇಕಿಲ್ಲ. ಮೂರು ಮೀಟರಿನ ಗಾಳಿ ತುಂಬುವ ಬೋಟು ಮಡಿಚಿದರೆ ಡಿಕ್ಕಿಯಲ್ಲಿ ಕೂರುತ್ತದೆ. ತೂಕ 40-50 ಕಿಲೋ. ಬೊಡ್ಡೆ ಇಲ್ಲದ ಕಡೆ ನೋಡಿಕೊಂಡು ಬಳಸಬೇಕು ಅಷ್ಟೇ. ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ. ಮಲೆನಾಡಿನಲ್ಲಿ ಹಿನ್ನೀರಿನ ಹತ್ತಿರ ಒಬ್ಬ ನೆಂಟನಾದರೂ ಇಲ್ಲದ ಮನೆ ಕಮ್ಮಿ. ಮಳೆಗಾಲ ಕಳೆದ ಮೇಲೆ ಪಿಕಪ್ ಬಾಡಿಗೆ ಹಿಡಿದು ಬೋಟನ್ನು ಅವರ ಕೊಟ್ಟಿಗೆಗೆ ಸೇರಿಸಿ, ಬೇಸಿಗೆ ಕಳೆದ ಮೇಲೆ ವಾಪಸ್ ತನ್ನಿ. ವರ್ಷಕ್ಕೆ ಎರಡು ಬಾಡಿಗೆ ಕೊಟ್ಟರೆ ಟ್ರೈಲರ್, ಬಾರ್, ವಿಮೆ ಯಾವುದೂ ಬೇಡ.

ಎಲ್ಲೇ ಇಡಿ, ಮಾಡಿನ ಕೆಳಗೆ ಇಡಿ. ಬಯಲಲ್ಲಿ ಬಿಟ್ಟ 12 ಅಡಿ ಬೋಟಿಗೆ 25 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 100 ಲೀಟರ್ ನೀರು ನಿಲ್ಲುತ್ತದೆ, ಅಂದರೆ 100 ಕಿಲೋ. ನಮ್ಮಲ್ಲಿ ಜುಲೈನಲ್ಲಿ ಅಷ್ಟು ಮಳೆ ಬೆಳಗಿನ ಕಾಫಿಗೆ ಮುಂಚೆಯೇ ಬಿದ್ದಿರುತ್ತದೆ. ಬೂಚು ತೆಗೆದು, ಮೂತಿ ಎತ್ತರ ಮಾಡಿ, ಟಾರ್ಪಾಲ್ ಹೊದಿಸಿ.

ಹಳೇ ಬೋಟು ಕೊಳ್ಳುವಾಗ

ಎಂಜಿನ್ ಸಿಕ್ಕಿಸುವ ಹಿಂದಿನ ಹಲಗೆಯನ್ನು ಸುತ್ತಿಗೆ ಹಿಡಿಯಿಂದ ಮೆಲ್ಲಗೆ ತಟ್ಟಿ. ಟಣ್ ಅನ್ನಬೇಕು. ಸದ್ದು ಮಂಕಾದರೆ ಒಳಗಿನ ಮರ ಕೊಳೆತಿದೆ. ಅಲ್ಯೂಮಿನಿಯಂ ಬೋಟಾದರೆ ಒಳಗೆ ನಾಲ್ಕು ಬಕೆಟ್ ನೀರು ಸುರಿದು ಹೊರಗೆ ಎಲ್ಲಿ ಜಿನುಗುತ್ತದೆ ನೋಡಿ. ಟ್ರೈಲರ್ ಚಕ್ರವನ್ನು ಜಾಕ್ ಕೊಟ್ಟು ಎತ್ತಿ ತಿರುಗಿಸಿ, ಗರಗರ ಅಂದರೆ ಬೇರಿಂಗ್ ಹೋಗಿದೆ.

ಹಳೇ ಬೋಟಿನ ಫೋಮ್ ವರ್ಷಗಟ್ಟಲೆ ನೀರು ಕುಡಿದು ಹೇಳಿದ್ದಕ್ಕಿಂತ ಎಷ್ಟೋ ಭಾರ ಆಗಿರುತ್ತದೆ. ಹೊರಗಿನಿಂದ ಗೊತ್ತಾಗುವುದಿಲ್ಲ. ಮಾರುವವರಿಗೆ ಹೇಳಿ, ಬೋಟು, ಟ್ರೈಲರ್, ಎಂಜಿನ್ ಸಮೇತ ವೇಬ್ರಿಡ್ಜಿಗೆ ತರಿಸಿ. ಲಾರಿ ತೂಗುವ ಕಡೆ ಹತ್ತಿಪ್ಪತ್ತು ಕಿಲೋ ಆಚೀಚೆ ಆಗಬಹುದು, ಅದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ. ಟ್ರೈಲರನ್ನು ಗಾಡಿಯಿಂದ ಬಿಚ್ಚಿ, ಅದೊಂದನ್ನೇ ತೂಗಿಸಬೇಕು. ಆ ಚೀಟಿಯ ಅಂಕಿಗೆ ಪೆಟ್ರೋಲ್, ಸಾಮಾನು ಕೂಡಿಸಿ, ನಿಮ್ಮ ಗಾಡಿಯ ಮಿತಿಯ ಪಕ್ಕ ಇಟ್ಟು ನೋಡಿ. ಹೊಂದಿದರೆ ಅಡ್ವಾನ್ಸ್ ಕೊಡಿ. ಇಲ್ಲದಿದ್ದರೆ ತೂಕದ ದುಡ್ಡು ಕೊಟ್ಟು ಮನೆಗೆ ಬನ್ನಿ.